ತೊಂಬತ್ತೇಳನೆಯ ಪುಟ

"ಹರಿದಿಲ್ಲ," ಎಂದಳು ಚಂಪಕ.

ಮೇಜಿನ ಆ ಕಡೆ ಕೂತಿದ್ದ ರಘೂತ್ತಮ ಕನ್ನಡಕ ತೆಗೆದರು. "ಏನಂದಿರಿ?"

"ಈ ಪುಸ್ತಕದಿಂದ ಯಾರೂ ಏನೂ ಹರಿದಿಲ್ಲ ಸಾರ್."

ನಂಜನಗೂಡಿನ ಕೌಮುದಿ ವಾಚನಾಲಯದಲ್ಲಿ ಹತ್ತು ದಿನದಿಂದ ಇದ್ದದ್ದು ಒಂದೇ ಜಗಳ. 'ಕಪಿಲಾ ಕೌಮುದಿ' ಎಂಬ ಮಾಸಪತ್ರಿಕೆಯ ಮೊದಲ ಸಂಪುಟ, ಸಾವಿರದ ಒಂಬೈನೂರ ಹನ್ನೆರಡನೇ ಇಸವಿಯದು, ಜಗತ್ತಿನಲ್ಲಿ ಉಳಿದಿರುವುದು ಇದೊಂದೇ ಪ್ರತಿ. ಅದರಲ್ಲಿ ತೊಂಬತ್ತಾರನೇ ಪುಟ ಆದಮೇಲೆ ನೂರಿಪ್ಪತ್ತೊಂಬತ್ತು ಬರುತ್ತದೆ. ನಡುವಿನ ಮೂವತ್ತೆರಡು ಪುಟ ಇಲ್ಲ. ಅವನ್ನು ಕದ್ದವನು ಪುಸ್ತಕ ಸ್ಕ್ಯಾನ್ ಮಾಡಿದ ಪ್ರೇಮ್‌ಕುಮಾರ್ ಎಂದು ರಘೂತ್ತಮ ಹೇಳುತ್ತಿದ್ದರು.

ಪ್ರೇಮ್‌ಕುಮಾರ್ ಬಾಗಿಲ ಬಳಿ ನಿಂತಿದ್ದ. ಯಾರೂ ಕೂರು ಎಂದಿರಲಿಲ್ಲ.

ಇಪ್ಪತ್ತೇಳರ ಹುಡುಗ. ಮೂರು ಸಲ ಪರೀಕ್ಷೆ ಬರೆದು ಗ್ರಂಥಾಲಯ ಸಹಾಯಕನ ಕೆಲಸಕ್ಕೆ ಆಯ್ಕೆಯಾಗಿದ್ದ. ಸೋಮವಾರ ಪೊಲೀಸ್ ವೆರಿಫಿಕೇಷನ್. ಶನಿವಾರ ರಘೂತ್ತಮರ ದೂರು ಠಾಣೆಗೆ ಹೋದರೆ ಆ ಕೆಲಸ ಅಲ್ಲಿಗೆ ಮುಗಿಯಿತು. ಇವತ್ತು ಗುರುವಾರ.

ಚಂಪಕ ಕಣ್ಣಿಗೆ ಎರಡು ತೊಟ್ಟು ಔಷಧಿ ಹಾಕಿಕೊಂಡಳು. ಸರ್ಕಾರಿ ಪ್ರಯೋಗಾಲಯದಲ್ಲಿ ಕೈಬರಹ ತಜ್ಞೆಯಾಗಿ ಇಪ್ಪತ್ನಾಲ್ಕು ವರ್ಷ ಬೇರೆಯವರ ಸಹಿಗಳನ್ನು ನೋಡಿ ನೋಡಿ ಅವಳ ಕಣ್ಣು ಒಣಗಿಹೋಗಿತ್ತು. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಈ ಸಲ ಬಂದವಳು ರಘೂತ್ತಮರ ಮಗಳು ಸುಚೇತಾ. ಮೈಸೂರಿನಲ್ಲಿ ಅಧ್ಯಾಪಕಿ, ಕನ್ನಡಕ ಹಾಕಿದ ಮೆಲು ಮಾತಿನವಳು. "ನಿಜ ಏನು ಅಂತ ಗೊತ್ತಾಗ್ಬೇಕು, ಅಷ್ಟೇ," ಎಂದಿದ್ದಳು. ವಾಚನಾಲಯದ ವಿಳಾಸ, ಫೋನ್ ನಂಬರು ಎರಡನ್ನೂ ತನ್ನ ಕೈಯಲ್ಲೇ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಳು.

"ಹೊಲಿಗೆ ನೋಡಿ," ಎಂದಳು ಚಂಪಕ. "ಹಳೇ ದಾರ, ಎಲ್ಲೂ ಬಿಚ್ಚಿಲ್ಲ. ಹಾಳೆ ಹರಿದರೆ ಒಳಗೆ ಚೂರು ಉಳಿಯುತ್ತೆ. ಇಲ್ಲಿ ಒಂದು ಎಳೆಯೂ ಇಲ್ಲ."

"ಬ್ಲೇಡಿನಲ್ಲಿ ಕತ್ತರಿಸಬಹುದಲ್ಲ?"

"ಕತ್ತರಿಸಬಹುದು. ಆದರೆ ಹುಳಕ್ಕೆ ಯಾರು ಹೇಳಿಕೊಡುತ್ತಾರೆ?"

ಅವಳು ಪುಸ್ತಕವನ್ನು ಅವರ ಕಡೆ ತಿರುಗಿಸಿದಳು. ಎಂಬತ್ತನೇ ಪುಟದ ಸುಮಾರಿಗೆ ಒಳಹೊಕ್ಕ ಹುಳ ಸಾಸಿವೆ ಕಾಳಿನಷ್ಟು ತೂತು ಮಾಡಿಕೊಂಡು ಓರೆಯಾಗಿ ಸಾಗಿತ್ತು. ಹಾಳೆಯಿಂದ ಹಾಳೆಗೆ ತೂತು ಕೂದಲೆಳೆಯಷ್ಟು ಜರುಗುತ್ತಾ ಬಂದಿತ್ತು. ತೊಂಬತ್ತಾರನೇ ಪುಟದ ತೂತು, ನೂರಿಪ್ಪತ್ತೊಂಬತ್ತರ ತೂತು ಎರಡೂ ಒಂದರ ಮೇಲೊಂದು ಕೂತಿದ್ದವು.

"ನಡುವೆ ಹದಿನಾರು ಹಾಳೆ ಇದ್ದಿದ್ದರೆ ತೂತು ಇಷ್ಟು ದೂರ ಹೋಗಿರಬೇಕಿತ್ತು." ಕಿರುಬೆರಳ ತುದಿ ತೋರಿಸಿದಳು. "ಮತ್ತೆ ಇದು."

ಟಾರ್ಚನ್ನು ಪಕ್ಕದಿಂದ ಹಿಡಿದಳು. ನೂರಿಪ್ಪತ್ತೊಂಬತ್ತನೇ ಪುಟದ ಮೇಲೆ, ಅಚ್ಚಿನ ಸಾಲುಗಳ ನಡುವೆ, ಮಸುಕಾದ ಇನ್ನೊಂದು ಬರಹ ಇತ್ತು. ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಎದುರು ಪುಟದ ಮಸಿ ನೂರು ವರ್ಷ ಒತ್ತಿಕೊಂಡು ಕೂತು ಬಿಟ್ಟ ಗುರುತು.

ಎದುರು ಪುಟ ಅಂದರೆ ತೊಂಬತ್ತಾರು. ಅದರಲ್ಲಿದ್ದದ್ದು 'ಕೈಸೇರಿದ ಪತ್ರಿಕೆಗಳು' ಎಂಬ ಪಟ್ಟಿ. ಪತ್ರಿಕೆಯ ಸ್ಥಾಪಕರು ರಘೂತ್ತಮರ ತಾತ ಚಕ್ರಪಾಣಿಗಳು. ಅವರು ತಮ್ಮ ಪ್ರತಿ ಕಳಿಸಿ ಬದಲಿಗೆ ಊರೂರಿನ ಪ್ರತಿ ತರಿಸುತ್ತಿದ್ದರು. ಕೊಲಂಬೊ, ರಂಗೂನ್, ನಟಾಲ್, ಶಿಕಾಗೊ, ಟೋಕಿಯೊ. ಆಗ ಎಲ್ಲ ಕಡೆಯೂ ಪತ್ರಿಕೆಗಳು ಹುಟ್ಟುತ್ತಿದ್ದವು. ಯಾರೋ ನಾಲ್ಕು ಜನ ಒಂದು ಕೋಣೆಯಲ್ಲಿ ಸೇರಿ, ಜಗತ್ತು ತಮ್ಮ ಮಾತಿಗೇ ಕಾಯುತ್ತಿದೆ ಎಂದು ನಂಬಿ ಒಂದು ಹೆಸರಿಡುತ್ತಿದ್ದರು. ಹೆಚ್ಚಿನವು ಮೂರನೇ ವರ್ಷ ಕಾಣಲಿಲ್ಲ. ಆ ನಂಬಿಕೆ ನೆನೆದರೇ ಚಂಪಕಳಿಗೆ ಆಯಾಸವಾಗುತ್ತಿತ್ತು.

"ಈ ಎರಡು ಪುಟ ಬೈಂಡಾದ ದಿನದಿಂದ ಮುಖಕ್ಕೆ ಮುಖ ಕೊಟ್ಟುಕೊಂಡಿವೆ," ಎಂದಳು. "ನಡುವಿನ ಮೂವತ್ತೆರಡು ಪುಟ ಈ ಪುಸ್ತಕದೊಳಗೆ ಯಾವತ್ತೂ ಇರಲಿಲ್ಲ."

ಬಾಗಿಲಲ್ಲಿ ಪ್ರೇಮ್‌ಕುಮಾರ್ ಉಸಿರು ಬಿಟ್ಟದ್ದು ಕೇಳಿಸಿತು.

"ಹಾಗಾದರೆ ಅಂಕಿ ಯಾಕಮ್ಮ ಹಾರಿತು?" ರಘೂತ್ತಮರ ದನಿಯಲ್ಲಿ ಸಿಟ್ಟಿಗಿಂತ ಹಠ ಇತ್ತು. "ನಮ್ಮ ತಾತ ಲೆಕ್ಕ ತಪ್ಪುವವರಲ್ಲ. ಹನ್ನೆರಡು ತಿಂಗಳಿಗೆ ಹನ್ನೆರಡು ಸಂಚಿಕೆ. ಹನ್ನೆರಡೂ ಇದೆ. ಈ ಹುಡುಗನೇ ರಿಜಿಸ್ಟರಿನಲ್ಲಿ 'ಸಂಪೂರ್ಣ' ಅಂತ ಬರೆದಿದ್ದಾನೆ."

"ಬರ್ದಿದೀನಿ ಸಾರ್. ಎಣಿಸಿದೆ, ಹನ್ನೆರಡಿತ್ತು."

"ನಿನ್ನ ಕೇಳಲಿಲ್ಲ."

ಒಳಗಿನಿಂದ ತುಪ್ಪದಲ್ಲಿ ಕರಿಯುವ ವಾಸನೆ ಬಂತು. ವಾಚನಾಲಯ ಮನೆಯ ಮುಂಭಾಗದಲ್ಲೇ ಇತ್ತು. ರಘೂತ್ತಮರ ಹೆಂಡತಿ ದಾನಕ್ಕೆ ಮೂವತ್ತಮೂರು ಕಜ್ಜಾಯ ಮಾಡುತ್ತಿದ್ದರು.

"ಇವತ್ತೇನು ವಿಶೇಷ?"

"ಅಧಿಕ ಮಾಸ ಅಲ್ಲವೇನಮ್ಮ. ದಾನ ಬಿಟ್ಟರೆ ಇನ್ನೇನೂ ಮಾಡೋ ಹಾಗಿಲ್ಲ. ಸುಚೇತಾಳ ಪುಸ್ತಕ ಅಚ್ಚಾಗಿ ಬಂದು ಹದಿನೈದು ದಿನ ಆಯಿತು, ತಾತನವರ ಪತ್ರಿಕೆ ಮೇಲೆ. ಬಿಡುಗಡೆ ಅಧಿಕ ಕಳೆದ ಮೇಲೇ. ನಮ್ಮ ತಾತನಂತೂ ಅಧಿಕದಲ್ಲಿ ಒಂದು ಕಾಗದಕ್ಕೂ ಸಹಿ ಹಾಕುತ್ತಿರಲಿಲ್ಲ."

ಚಂಪಕ ಪುಸ್ತಕವನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡಳು. ತೊಂಬತ್ತಾರನೇ ಪುಟಕ್ಕೆ ಮುಗಿಯುವ ಸಂಚಿಕೆಯ ಮೊದಲ ಪುಟಕ್ಕೆ ಹೋದಳು. ಪರಿಧಾವಿ ಸಂವತ್ಸರ, ಜ್ಯೇಷ್ಠ ಮಾಸ. ಮತ್ತೆ ನೂರಿಪ್ಪತ್ತೊಂಬತ್ತಕ್ಕೆ ಬಂದಳು. ಪರಿಧಾವಿ ಸಂವತ್ಸರ, ನಿಜ ಆಷಾಢ ಮಾಸ.

"ಸಾರ್, ಆ ವರ್ಷ ಆಷಾಢ ಎರಡು ಸಲ ಬಂದಿತ್ತು," ಎಂದಳು. "ಅಧಿಕ ಒಂದು, ನಿಜ ಒಂದು. ವರ್ಷಕ್ಕೆ ಹದಿಮೂರು ತಿಂಗಳು."

ರಘೂತ್ತಮ ಪುಸ್ತಕ ಎಳೆದುಕೊಂಡು ಎರಡೂ ಮಾಸದ ಹೆಸರು ಮತ್ತೆ ಓದಿದರು. ನಲವತ್ತು ವರ್ಷ ಪಂಚಾಂಗ ನೋಡಿಯೇ ಬೆಳಗಿನ ಕಾಫಿ ಕುಡಿದವರು. ಹನ್ನೆರಡು ಎಣಿಸಿ ಸಮಾಧಾನವಾಗಿ ಬೀರು ಮುಚ್ಚಿದ್ದರು. ಅಧಿಕದಲ್ಲಿ ಯಾರೂ ಏನೂ ಶುರುಮಾಡುವುದಿಲ್ಲ ಎಂದು ಗೊತ್ತಿದ್ದ ಮನೆಯಲ್ಲಿ, ಆ ತಿಂಗಳು ಏನಾಯಿತು ಎಂದು ಯಾರೂ ಕೇಳಿರಲಿಲ್ಲ.

"ತಾತ ಅಧಿಕದಲ್ಲಿ ಸಂಚಿಕೆ ತರುತ್ತಿರಲಿಲ್ಲ," ಎಂದರು ಕೊನೆಗೆ.

"ಆ ತಿಂಗಳು ಅವರು ಊರಿನಲ್ಲಿದ್ದರಾ?"

"ರಾಮೇಶ್ವರಕ್ಕೆ ಹೋಗಿದ್ದರು. ಅವರ ದಿನಚರಿಯಲ್ಲಿದೆ. ಪ್ರೆಸ್ಸಿಗೆ ಬೀಗ ಹಾಕಿಕೊಂಡು ಹೋದರು."

"ಅವರು ಬರುವ ಹೊತ್ತಿಗೆ ಯಾರೋ ಒಂದು ಸಂಚಿಕೆ ಮಾಡಿದ್ದರು. ಮುಂದಿನ ಸಂಚಿಕೆಗೂ ಅಂಕಿ ಹಾಕಿ ಅಚ್ಚು ಹಾಕಿಬಿಟ್ಟಿದ್ದರು. ಅಷ್ಟು ಕಾಗದ ಎಸೆಯೋದಕ್ಕೆ ಆಗಲಿಲ್ಲ. ಆ ಒಂದು ಸಂಚಿಕೆ ಮಾತ್ರ ಇಲ್ಲದ ಹಾಗೆ ಮಾಡಿದರು." ಚಂಪಕ ಟಾರ್ಚ್ ಆರಿಸಿದಳು. "ಬೀಗದಕೈ ಯಾರ ಹತ್ತಿರ ಇತ್ತು ಸಾರ್?"

ಒಳಗೆ ಬಾಣಲೆ ಚುಯ್‌ಗುಟ್ಟಿತು.

"ಮನೆಯಲ್ಲಿ."

"ಮನೆಯಲ್ಲಿ ಯಾರು?"

"ನಮ್ಮಜ್ಜಿ." ಅವರು ಕನ್ನಡಕ ಹಾಕಿಕೊಂಡರು. "ಇದೆಲ್ಲ ನಿಮ್ಮ ಊಹೆ. ಆ ಸಂಚಿಕೆ ತಂದು ತೋರಿಸಿ. ಶನಿವಾರದವರೆಗೂ ಕಾಯುತ್ತೇನೆ. ಅದಕ್ಕಿಂತ ಹೆಚ್ಚು ನನ್ನ ಕೈಲಾಗದು."

*

ಹೊರಗೆ ಬಾಳೆಹಣ್ಣಿನ ಗಾಡಿಯ ನೆರಳಿನಲ್ಲಿ ಪ್ರೇಮ್‌ಕುಮಾರ್ ಕಾಯುತ್ತಿದ್ದ.

"ಮೇಡಂ, ಆ ಪ್ರೆಸ್ಸಲ್ಲಿ ಅಚ್ಚು ಜೋಡಿಸ್ತಿದ್ದೋರು ನಮ್ಮ ಅಜ್ಜಿಯ ತಾತ, ನಾವು ಮುತ್ತಾತ ಅಂತಲೇ ಅಂತೀವಿ. ಪುಟ್ಟಬಸವಯ್ಯ ಅಂತ."

ಚಂಪಕ ಅವನನ್ನೇ ನೋಡಿದಳು. "ಇದನ್ನ ಹತ್ತು ದಿನದಿಂದ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನಂತಿದ್ರು? ಓ, ತಲತಲಾಂತರದ ಕಳ್ಳರು ಅಂತಿದ್ರು." ನಕ್ಕ. ನಗು ಪೂರ್ತಿಯಾಗಲಿಲ್ಲ. "ಸುಚೇತಾ ಮೇಡಂಗೆ ಒಂದ್ಸಲ ಹೇಳಿದ್ದೆ, ಪುಸ್ತಕಕ್ಕೆ ಮಾಹಿತಿ ಕೇಳ್ದಾಗ. ನರಸೀಪುರದ ಹತ್ರ ನಮ್ಮ ಅಜ್ಜಿ ಇದಾರೆ, ಕೆಂಪಾಜಮ್ಮ. ಮುತ್ತಾತನ ಪೆಟ್ಟಿಗೆ ಅವರ ಹತ್ರ ಇದೆ ಅಂದಿದ್ದೆ."

"ಪೆಟ್ಟಿಗೇಲಿ ಏನಿದೆ?"

"ನಾನು ನೋಡಿಲ್ಲ ಮೇಡಂ. ಅಜ್ಜಿ ನನ್ನ ಜೊತೆ ಮಾತು ಬಿಟ್ಟು ಎರಡು ವರ್ಷ ಆಯ್ತು. ತಾತ ತೀರಿಕೊಂಡ ದಿನ ನಾನು ಹೋಗ್ಲಿಲ್ಲ." ನೆಲ ನೋಡಿದ. "ಎಕ್ಸಾಮ್ ಇತ್ತು."

"ಈಗ ನನ್ನ ಜೊತೆ ಬಾ."

"ನನ್ನ ನೋಡಿದ್ರೆ ಬಾಗಿಲು ಹಾಕ್ಕೋತಾರೆ. ನೀವೇ ಹೋಗಿ. ಲೊಕೇಷನ್ ಕಳಿಸ್ತೀನಿ."

*

ನರಸೀಪುರದ ಬಸ್ಸಿನಲ್ಲಿ ಸೀಟು ಸಿಕ್ಕಿತು, ಅದೊಂದೇ ಸಂತೋಷ. ಕಿಟಕಿ ಮುಚ್ಚುತ್ತಿರಲಿಲ್ಲ. ಕಬ್ಬಿನ ಗದ್ದೆ, ನಾಲೆ, ಮದುವೆಗಳಿಲ್ಲದೆ ಖಾಲಿ ಬಿದ್ದ ಛತ್ರ, ಮತ್ತೆ ಕಬ್ಬಿನ ಗದ್ದೆ. ಚಂಪಕ ಕಣ್ಣು ಮುಚ್ಚಿಕೊಂಡಳು. ಸುಳ್ಳು ಹೇಳುವವರ ಬಗ್ಗೆ ಅವಳಿಗೆ ಸಿಟ್ಟು ಬಂದು ಎಷ್ಟೋ ವರ್ಷವಾಗಿತ್ತು. ಈಗ ಬರುತ್ತಿದ್ದದ್ದು ನಿದ್ದೆ ಮಾತ್ರ.

ಊರು ಪೇಟೆಯಿಂದ ಎರಡು ಮೈಲಿ. ಆಟೊದವನು ಬೀದಿ ತುದಿಯಲ್ಲೇ ಇಳಿಸಿದ. ತಾರಸಿ ಮನೆ, ಹಸಿರು ಬಾಗಿಲು, ಒಳಗೆ ಗೋಡೆಯ ಮೇಲೆ ಬುದ್ಧನ ಫೋಟೊ. ಎಂಬತ್ತರ ಕೆಂಪಾಜಮ್ಮ ಮೊರದಲ್ಲಿ ಹುರುಳಿ ಆರಿಸುತ್ತಿದ್ದರು.

"ಪ್ರೇಮ ಕಳ್ಸುದ್ನಾ?" ಎಂದರು ತಲೆ ಎತ್ತದೆ. "ಮುಖ ತೋರ್ಸಕೆ ನಾಚ್ಕೆ ಅವನಿಗೆ. ಜನದ ಮೇಲೆ ಜನ ಕಳುಸ್ತಾವ್ನೆ. ಕೂತ್ಕಳವ್ವ."

ಚಂಪಕ ಕೂತಳು. ಜನದ ಮೇಲೆ ಜನ ಎಂಬ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಳು. "ನಿಮ್ಮ ತಾತನ ವಿಷಯ ಕೇಳೋಣ ಅಂತ ಬಂದೆ ಅಜ್ಜಿ."

"ಏನ್ ಕೇಳೀಯೆ? ಮೊದ್ಲು ಅಲ್ಲಿ ಮಿಸನ್ನು ಎಳೆಯೋ ಕೆಲ್ಸ ಅವರ್ದು. ಅಚ್ಚಾದ್ಮೇಲೆ ಸೀಸದ್ ಅಕ್ಸರದ ಮೊಳೆ ಬಿಚ್ಚಿ ಖಾನೆ ಖಾನೆಗೆ ಆಕ್ತಾರಲ್ಲ, ಅಂಗ್ ಆಕ್ತಾ ಆಕ್ತಾ ಅಕ್ಸರ ಕಲ್ತುಬುಟ್ರು. ತಿರುಗ್ಸಿದ್ ಅಕ್ಸರ ಕಣವ್ವ. ನೆಟ್ಟಗಿದ್ರೆ ನಿಧಾನುಕ್ಕೆ ಓದೋರು, ತಿರುಗ್ಸಿದ್ರೆ ಬಿರ್‌ಬಿರ್ನೆ ಓದೋರು."

"ಮನೆ ಒಳಗೆ ಬಿಡುತ್ತಿದ್ದರಾ?"

"ಒಳ್ಳೆ ಕೇಳ್ದೆ. ಪ್ರೆಸ್ಸು ಇತ್ಲಲ್ಲಿತ್ತು. ಅಲ್ಲಿಗಂಟ ಬುಡೋರು, ಅಷ್ಟೇಯ." ಅವರು ಒಂದು ಕಲ್ಲು ಆರಿಸಿ ಎಸೆದರು. "ಆ ಅಧಿಕದ ತಿಂಗ್ಳು ಅಯ್ನೋರು ಊರ್‌ಮೇಲೆ ಓದ್ರಲ್ಲ, ಅಮ್ಮಾವ್ರು ಕಿಟಕಿಯಿಂದ ಬೀಗದ್‌ಕೈ ಎಸೆದ್ರಂತೆ. ಕೈಗ್ ಕೊಡಂಗಿಲ್ವಲ್ಲ. ತಕ್ಕೊ ಬಸವಯ್ಯ, ಬಾಗ್ಲು ತಗಿ ಅಂದ್ರಂತೆ."

ಚಂಪಕಳ ಕೈ ಚೀಲದೊಳಗಿನ ಪೆನ್ನಿನ ಮೇಲೆ ನಿಂತಿತು.

"ಪರದೇಸದ ಪೇಪರು ಬತ್ತಿದ್ವು. ಅಮ್ಮಾವ್ರಿಗೆ ಇಂಗ್ಲೀಸು ಬತ್ತಿತ್ತು, ಗಂಡುನ್ಗೆ ಗೊತ್ತಿರ್ನಿಲ್ಲ. ಯಾವ್ದೋ ದೇಸದಲ್ಲಿ ಎಣ್ಮಕ್ಳೇ ಸೇರಿ ಪೇಪರ್ ಮಾಡ್ತಾರೆ ಅಂತ ಅದ್ರಲ್ಲಿ ಇತ್ತಂತೆ. ಕಿಟಕಿ ಒಳ್ಗೆ ನಿಂತ್ಕಂಡು ಅವ್ರು ಕನ್ನಡದಲ್ಲಿ ಏಳೋದು, ಈಚೆ ನಮ್ ತಾತ ಮೊಳೆ ಜೋಡ್ಸೋದು. ಬರ್ಕೊಳ್ಳದೂ ಇಲ್ಲ ಏನೂ ಇಲ್ಲ. ಬಾಯಿಂದ ಸೀದಾ ಸೀಸಕ್ಕೆ."

ಕೈಬರಹವೇ ಇಲ್ಲದ ಪತ್ರಿಕೆ. ಚಂಪಕ ತನ್ನ ಇಪ್ಪತ್ನಾಲ್ಕು ವರ್ಷದಲ್ಲಿ ಅಂಥದ್ದೊಂದನ್ನು ಕೇಳಿರಲಿಲ್ಲ.

"ಅಯ್ನೋರು ಬಂದೋರೇ ಎಲ್ಲಾ ಒಟ್ಟಾಕಿ ಒಲೆಗೆ ಆಕುದ್ರು. ನಮ್ ತಾತನ್ನ ಅವತ್ತೇ ಓಡ್ಸುದ್ರು. ಒಂದೇ ಒಂದು ಪುಸ್ತಕ ಪಂಚೆ ಒಳಗ್ ಇಟ್ಕೊಂಡು ಬಂದಿದ್ರು. ಮೊದ್ಲನೇ ಆಳೆ ಮೇಲೆ ಇಬ್ರ ಎಸ್ರೂ ಅದೆ. ಇದು ಅಮ್ಮಾವ್ರು, ಇದು ನಾನು ಅಂತ ಬೆಳ್ಳಿಟ್ಟು ತೋರ್ಸೋರು. ನನ್ಗೆ ಓದಕ್ ಬರಲ್ಲ. ಎಲ್ಲಿ ಬೆಳ್ಳಿಡ್ತಿದ್ರು ಅನ್ನದು ಮಾತ್ರ ಗೊತ್ತು."

ಮೊದಲನೇ ಹಾಳೆ. ತೊಂಬತ್ತೇಳನೆಯ ಪುಟ.

"ಅದನ್ನ ನೋಡಬಹುದಾ ಅಜ್ಜಿ?"

ಕೆಂಪಾಜಮ್ಮ ಮೊರ ಕೆಳಗಿಟ್ಟರು. "ಪ್ರೇಮನ್ ತಾವ ಇಲ್ವಾ? ಅವನೇ ಇಸ್ಕಂಡವ್ನಲ್ಲ."

"ಅವನು ಬಂದಿದ್ದನಾ?"

"ಅವನೆಲ್ ಬತ್ತಾನೆ. ಕನ್ನಡಕದ ಎಣ್ಮಗಳ್ನ ಕಳ್ಸಿದ್ದ. ಪ್ರೇಮ ನಿಮ್ಮನ್ನ ತುಂಬಾ ನೆನಿಸ್ಕೋತಾನೆ, ಮುತ್ತಾತನ್ ಪುಸ್ತಕ ಒಂದ್ಸಲ ಓದಿ ವಾಪಸ್ ಕೊಡ್ತಾನಂತೆ ಅಂದ್ಲು." ಅವರು ಸೆರಗಿನಿಂದ ಕಣ್ಣಿನ ಮೂಲೆ ಒತ್ತಿಕೊಂಡರು. "ಎರಡ್ ವರ್ಸ ಆದ್ಮೇಲೆ ನೆನಸ್ಕಂಡವ್ನೆ. ಕೊಡ್ದೆ ಏನ್ ಮಾಡ್ಲಿ?"

ಚಂಪಕ ಚೀಲದಿಂದ ನೋಟ್‌ಬುಕ್ ತೆಗೆದಳು.

"ಸುಮ್ಕೆ ಕೊಟ್ನೇ ಅನ್ಕಬೇಡ," ಎಂದರು ಕೆಂಪಾಜಮ್ಮ. "ಚೀಟಿ ಬರುಸ್ಕಂಡೆ. ನಮ್ ತಾತನ ಕಾನೂನು. ಚೀಟಿ ಇಲ್ದೆ ಮನೆಯಿಂದ ಕಾಗ್ದ ಓಗಂಗಿಲ್ಲ."

ಪೆಟ್ಟಿಗೆಯಿಂದ ನಾಲ್ಕಾಗಿ ಮಡಚಿದ ಕಾಗದ ಬಂತು. 'ಹಳೆಯ ಪತ್ರಿಕೆ ಒಂದು ಪಡೆದಿದ್ದೇನೆ.' ಕೆಳಗೆ ತಾರೀಖು, 17-5, ವಾಚನಾಲಯದ ಜಗಳ ಶುರುವಾಗುವ ಮೊದಲಿನದು. ಅದರ ಕೆಳಗೆ ಹೆಸರು: ಪ್ರೇಮ್‌ಕುಮಾರ್.

ಇದನ್ನು ಠಾಣೆಯಲ್ಲಿಟ್ಟರೆ ಹುಡುಗನ ಕಥೆ ಮುಗಿಯುತ್ತದೆ. ಪುಟಗಳನ್ನು ಕಂಡೇ ಇಲ್ಲ ಎಂದವನ ಹೆಸರು ಇಲ್ಲಿದೆ. ಕದ್ದು ಅಜ್ಜಿಯ ಮನೆಯಲ್ಲಿ ಬಚ್ಚಿಟ್ಟು ಆಮೇಲೆ ಒಯ್ದ ಎನ್ನುತ್ತಾರೆ. ಹಾಗೆ ಓದಲಿ ಎಂದೇ ಯಾರೋ ಬರೆದದ್ದು.

ಚಂಪಕ ಪರ್ಸಿನಿಂದ ವಾಚನಾಲಯದ ವಿಳಾಸದ ಚೀಟಿ ತೆಗೆದು ಪಕ್ಕದಲ್ಲಿಟ್ಟಳು. ಭೂತಗನ್ನಡಿ ಬೇಕಾಗಲಿಲ್ಲ. ತಲೆಕಟ್ಟು ಅಕ್ಷರಕ್ಕೆ ತಾಗದೆ ಬಲಕ್ಕೆ ತೇಲುತ್ತಿತ್ತು, ಎರಡರಲ್ಲೂ. ಒತ್ತಕ್ಷರ ಅರ್ಧ ಸಾಲು ಕೆಳಗೆ ಬಿದ್ದಿತ್ತು, ಎರಡರಲ್ಲೂ. ಏಳರ ನಡುವಿಗೆ ಅಡ್ಡಗೆರೆ, ತಾರೀಖಿನಲ್ಲೊಂದು, ಫೋನ್ ನಂಬರಿನಲ್ಲಿ ಎರಡು.

ಸುಚೇತಾ. ಚಂಪಕಳನ್ನು ಕರೆಸುವ ಮೊದಲೇ ಅವಳ ಕೈಯಲ್ಲಿ ತೊಂಬತ್ತೇಳನೆಯ ಪುಟ ಇತ್ತು. 'ನಿಜ ಏನು ಅಂತ ಗೊತ್ತಾಗ್ಬೇಕು' ಎಂದವಳಿಗೆ ಬೇಕಿದ್ದದ್ದು, ಪುಟ ಹರಿದಿದೆ ಎಂದು ತಜ್ಞೆಯೊಬ್ಬಳ ಸಹಿ. ಅಚ್ಚಾಗಿ ಕೂತಿದ್ದ ಅವಳ ಪುಸ್ತಕದಲ್ಲಿ ಆ ಇಬ್ಬರ ಹೆಸರಿಗೆ ಜಾಗ ಇರಲಾರದು.

"ಅಜ್ಜಿ, ಈ ಚೀಟಿ ನನಗೆ ಬೇಕು."

"ತಕ್ಕೊ. ಚೀಟಿ ಬರ್ಕೊಡು."

"ಚೀಟಿಗೂ ಚೀಟಿಯಾ?"

"ಕಾಗ್ದ ತಾನೆ ಅದೂ."

ಚಂಪಕ ಬಹಳ ದಿನದ ಮೇಲೆ ನಕ್ಕಳು. ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು 'ಚಂ' ಎಂದು ಬರೆಯುವಷ್ಟರಲ್ಲಿ ಫೋನು ಬಂತು. ಪ್ರೇಮ್‌ಕುಮಾರ್.

"ಪ್ರೇಮನಾ?" ಕೆಂಪಾಜಮ್ಮ ಹತ್ತಿರ ಜರುಗಿದರು. "ಜೋರಾಗ್ ಇಡವ್ವ. ಅವನ್ ದನಿ ಕೇಳಿ ಎರಡ್ ವರ್ಸ ಆಯ್ತು."

ಚಂಪಕ ಸ್ಪೀಕರ್ ಒತ್ತಿ ಫೋನನ್ನು ಮೊರದ ಪಕ್ಕ ಇಟ್ಟಳು.

"ಮೇಡಂ, ಸ್ಟೇಷನ್‌ನಲ್ಲಿದೀನಿ. ಸಾರ್ ಶನಿವಾರದವರೆಗೂ ಕಾಯ್ಲಿಲ್ಲ. ನನ್ನ ಬ್ಯಾಗಲ್ಲಿ ಹಾಳೆ ಸಿಕ್ತು ಅಂತಿದಾರೆ. ನಾನು ಇಟ್ಟಿದ್ದಲ್ಲ ಮೇಡಂ."

"ಎಷ್ಟನೇ ಪುಟ?"

"ನೂರಿಪ್ಪತ್ತೇಳು. ಹಿಂದ್ಗಡೆ ನೂರಿಪ್ಪತ್ತೆಂಟು. ಒಂದೇ ಹಾಳೆ."

ಕೊನೆಯ ಹಾಳೆ. ಹೆಸರುಗಳಿಲ್ಲದ ಹಾಳೆ.

"ತೊಂಬತ್ತೇಳು?"

"ಅದಿಲ್ಲ. ಒಂದ್ನಿಮಿಷ ಮೇಡಂ, ಸುಚೇತಾ ಮೇಡಂ ಇಲ್ಲೇ ಇದಾರೆ. ನನಗೆ ಸಹಾಯ ಮಾಡ್ತೀನಿ ಅಂತ ಬಂದಿದಾರೆ. ಮಾತಾಡ್ಬೇಕಂತೆ."

ಫೋನು ಕೈ ಬದಲಾಯಿತು. ಆಮೇಲೆ ಆ ಮೆಲು ದನಿ.

"ಚಂಪಕಾ ಅವರೇ, ಪಾಪ ಹುಡುಗ ಹೆದರಿದಾನೆ. ನೀವು ಬಂದು ನಿಮ್ಮ ರಿಪೋರ್ಟ್ ಕೊಟ್ಟುಬಿಟ್ರೆ ಎಲ್ಲರಿಗೂ ಒಳ್ಳೆಯದು. ಎಲ್ಲಿದೀರಿ ಈಗ?"

ಚಂಪಕ ಫೋನಿನ ಕಡೆ ಕೈ ಚಾಚಿದಳು. ಆದರೆ ಕೆಂಪಾಜಮ್ಮನ ಮುಖ ಅಷ್ಟರಲ್ಲೇ ಅರಳಿತ್ತು.

"ಇದೇ ದನಿ ಕಣವ್ವ," ಎಂದರು ಅವರು, ಊರಿಗೇ ಕೇಳುವಷ್ಟು ಜೋರಾಗಿ. "ನಮ್ ಪುಸ್ತಕ ತಕ್ಕೊಂಡ್ ಓದ ಮಗಳು. ಏನವ್ವಾ, ಓದಿ ಆಯ್ತಾ? ಯಾವಾಗ್ ತಂದ್ಕೊಡ್ತೀಯೆ?"

ಆ ಕಡೆ ಯಾರೂ ಫೋನು ಇಡಲಿಲ್ಲ. ಠಾಣೆಯ ಫ್ಯಾನು ಕಟಕಟ ತಿರುಗುವುದು ಕೇಳಿಸುತ್ತಿತ್ತು. ಅದರ ನಡುವೆ, ಮೊಬೈಲಿಗೆ ತೀರ ಹತ್ತಿರದಲ್ಲಿ, ಸುಚೇತಾ ನಿಧಾನವಾಗಿ ಒಣಗಿದ ಹಳೇ ಕಾಗದವೊಂದನ್ನು ಮಡಚುವ ಸದ್ದು.